ಸೈಗಾನ್‌ನಲ್ಲಿ ಐದು ಗಂಟೆ, ಒಂದು ಲೋಟ ಕಾಫಿ

ಪ್ಲಾನ್ ಮಾಡೋದು ನನ್ನ ಚಟ. ಅದಕ್ಕೆ ಆಫೀಸಲ್ಲಿ ಸಂಬಳ ಕೊಡ್ತಾರೆ, ಮನೇಲಿ ‘ಕಾಟ’ ಅಂತಾರೆ. ಕಳೆದ ನವೆಂಬರ್‌ನಲ್ಲಿ ನಾವು ನಾಲ್ಕು ಜನ ಕಾಲೇಜು ಗೆಳೆಯರು ಸಿಂಗಪುರದಿಂದ ಕ್ರೂಸ್ ಹೊರಟಾಗಲೂ ನನ್ನ ಫೋನಿನಲ್ಲೊಂದು ಎಕ್ಸೆಲ್ ಶೀಟ್ ಇತ್ತು. ಹಡಗು ವಿಯೆಟ್ನಾಂನಲ್ಲಿ ಒಂದು ದಿನ ನಿಲ್ಲುತ್ತದೆ, ಹೋ ಚಿ ಮಿನ್ ಸಿಟಿಯಲ್ಲಿ ನಮಗೆ ಸಿಗೋದು ಐದು ಗಂಟೆ, ನೋಡಬೇಕಾದ ಜಾಗ ಹನ್ನೊಂದು. ಪ್ರತಿ ಜಾಗಕ್ಕೂ ನಿಮಿಷದ ಲೆಕ್ಕ ಹಾಕಿದ್ದೆ. ‘ಉಸಿರಾಡೋಕೆ ಎಷ್ಟು ನಿಮಿಷ ಇಟ್ಟಿದ್ಯಾ?’ ಅಂತ ರಮ್ಯಾ ಕೇಳಿದ್ದಳು.

ಚೇತನ್ ಮಾತ್ರ ಏನೂ ಕೇಳಲಿಲ್ಲ. ಅವನಿಗೆ ಈ ಟ್ರಿಪ್ಪೇ ಬೇಕಿರಲಿಲ್ಲ. ಸಕಲೇಶಪುರದ ಹತ್ತಿರ ಅವರ ಅಪ್ಪನದು ಹನ್ನೆರಡು ಎಕರೆ ಕಾಫಿ ತೋಟ. ಅಪ್ಪನಿಗೆ ಮಂಡಿ ನೋವು, ಕೆಲಸಕ್ಕೆ ಜನ ಸಿಗಲ್ಲ, ರಾತ್ರಿಯಾದರೆ ಆನೆ ಕಾಟ. ರೆಸಾರ್ಟ್ ಮಾಡೋರು ಒಳ್ಳೆ ರೇಟಿಗೆ ಕೇಳ್ತಿದ್ದಾರೆ. ‘ನೀನು ಬರೋದಾದ್ರೆ ಇಟ್ಕೊಳ್ಳೋಣ, ಇಲ್ಲಾಂದ್ರೆ ಕೊಟ್ಬಿಡ್ತೀನಿ. ಟ್ರಿಪ್ ಮುಗಿಸಿ ಬಂದು ಹೇಳು’ ಅಂದಿದ್ದರಂತೆ ಅಪ್ಪ. ಇವನಿಗೆ ಬೆಂಗಳೂರಲ್ಲಿ ಕೆಲಸ, ಫ್ಲ್ಯಾಟಿನ ಇಎಂಐ. ‘ಕೊಟ್ಬಿಡಿ’ ಅನ್ನೋದೇ ಸುಲಭದ ಉತ್ತರ. ಅದನ್ನ ಬಾಯಿಬಿಟ್ಟು ಹೇಳೋಕಾಗದೆ ಹಡಗಿನ ಡೆಕ್ ಮೇಲೆ ಸಮುದ್ರ ನೋಡ್ತಾ ಕೂತಿದ್ದ.

ಹಡಗು ನಿಂತಿದ್ದು ಫು ಮಿ ಬಂದರಿನಲ್ಲಿ. ಕ್ರೂಸ್ ಅಂದ ಕೂಡಲೇ ಪೋಸ್ಟ್‌ಕಾರ್ಡಿನಂಥ ದಡ ಕಣ್ಣಮುಂದೆ ಬರುತ್ತಲ್ಲ, ಇಲ್ಲಿ ಇದ್ದದ್ದು ಕ್ರೇನು, ಕಂಟೇನರು, ಲಾರಿ. ನಗರ ಇಲ್ಲಿಂದ ಸುಮಾರು 70 ಕಿಲೋಮೀಟರ್, ಬಸ್ಸಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆ. ಎಂಟಕ್ಕೆ ಹೊರಟ ಬಸ್ಸು ಹತ್ತಕ್ಕೆ ಒಪೆರಾ ಹೌಸ್ ಹತ್ತಿರ ಇಳಿಸಿತು. ‘ಮೂರು ಗಂಟೆಗೆ ಇದೇ ಜಾಗ. ಬಸ್ಸು ಕಾಯಲ್ಲ’ ಅಂತ ಬಸ್ಸಿನವರು ಎರಡು ಸಲ ಹೇಳಿದರು.

1976ರಲ್ಲಿ ಅಧಿಕೃತವಾಗಿ ಹೋ ಚಿ ಮಿನ್ ಸಿಟಿ ಆದರೂ ಊರಿನ ಜನರ ಬಾಯಲ್ಲಿ ಇದು ಇನ್ನೂ ಸೈಗಾನ್. ಮೊದಲ ಪರೀಕ್ಷೆ ರಸ್ತೆ ದಾಟೋದು. ಸಿಲ್ಕ್ ಬೋರ್ಡ್ ಜಂಕ್ಷನ್ ನೋಡಿದ ಕಣ್ಣಿಗೂ ಇಲ್ಲಿಯ ಸ್ಕೂಟರ್ ಪ್ರವಾಹ ಕಂಡು ಎದೆ ಝಲ್ ಅಂದಿತು. ಆದರೆ ಇಲ್ಲಿ ಒಂದು ನಿಯಮ ಇದೆ. ಓಡಬಾರದು, ನಿಲ್ಲಬಾರದು, ಹಿಂದೆ ಹೆಜ್ಜೆ ಇಡಲೇಬಾರದು. ಒಂದೇ ಸಮ ನಿಧಾನಕ್ಕೆ ನಡೀತಾ ಇದ್ದರೆ ಸ್ಕೂಟರ್‌ಗಳೇ ನಿಮ್ಮ ಅಕ್ಕಪಕ್ಕ ದಾರಿ ಮಾಡಿಕೊಂಡು ಹೋಗುತ್ತವೆ. ಸಂದೀಪ ಕಣ್ಣು ಮುಚ್ಚಿ ‘ಮಂಜುನಾಥಾ’ ಅಂತ ದಾಟಿದ.

ಸೆಂಟ್ರಲ್ ಪೋಸ್ಟ್ ಆಫೀಸ್ ನನ್ನ ಪಟ್ಟಿಯಲ್ಲಿ ಮೊದಲನೆಯದು. 1886ರಿಂದ 1891ರ ನಡುವೆ ಫ್ರೆಂಚರು ಕಟ್ಟಿದ್ದು. ಐಫೆಲ್ ಟವರಿನ ಐಫೆಲ್ ಇದನ್ನೂ ಕಟ್ಟಿದ ಅನ್ನೋ ಮಾತು ಎಲ್ಲ ಕಡೆ ಓಡಾಡುತ್ತೆ, ಆದರೆ ನಕ್ಷೆ ಆಲ್ಫ್ರೆಡ್ ಫೌಲ್ಹೂ ಎಂಬ ವಾಸ್ತುಶಿಲ್ಪಿಯದು. ಒಳಗೆ ಕಮಾನಿನ ಎತ್ತರದ ಸೂರು, ಗೋಡೆ ಮೇಲೆ ಹಳೇ ನಕ್ಷೆಗಳು, ಎದುರಿಗೆ ಹೋ ಚಿ ಮಿನ್ ಚಿತ್ರ. ಈಗಲೂ ಇದು ಕೆಲಸ ಮಾಡುವ ಅಂಚೆ ಕಚೇರಿಯೇ. ಅಮ್ಮನಿಗೆ ಒಂದು ಕಾರ್ಡ್ ಹಾಕಿದೆ. ಎದುರುಗಡೆಯ ನಾಟ್ರೆಡಾಮ್ ಚರ್ಚಿಗೆ ಇಟ್ಟಿಗೆ ಫ್ರಾನ್ಸಿನ ಮಾರ್ಸೇಯಿಂದ ಹಡಗಿನಲ್ಲಿ ಬಂದಿತ್ತು. ನಾವು ಹೋದಾಗ ರಿಪೇರಿ ನಡೀತಿತ್ತು, ಸಾರ್ವೆ ಕಟ್ಟಿದ್ದರು. ಅಲ್ಲಿಂದ ಸ್ವಲ್ಪ ದೂರಕ್ಕೇ ಇಂಡಿಪೆಂಡೆನ್ಸ್ ಪ್ಯಾಲೆಸ್. 1975ರ ಏಪ್ರಿಲ್ 30ರಂದು ಉತ್ತರ ವಿಯೆಟ್ನಾಂನ ಟ್ಯಾಂಕುಗಳು ಇದರ ಗೇಟು ಮುರಿದು ಒಳನುಗ್ಗಿದ ಮೇಲೆ ಯುದ್ಧ ಮುಗೀತು. ಅದೇ ಮಾದರಿಯ ಟ್ಯಾಂಕುಗಳನ್ನು ಹುಲ್ಲುಹಾಸಿನ ಮೇಲೆ ನಿಲ್ಲಿಸಿದ್ದಾರೆ.

ಇಲ್ಲಿವರೆಗೆ ಶೀಟ್ ಪ್ರಕಾರ ಎಲ್ಲ ಸರಿ ಇತ್ತು. ಯುದ್ಧ ಅವಶೇಷಗಳ ಮ್ಯೂಸಿಯಮ್ಮಿಗೆ ನಾನು ಇಟ್ಟಿದ್ದು 25 ನಿಮಿಷ. ಒಂದು ಗಂಟೆಗೂ ಹೆಚ್ಚು ಹೊತ್ತು ಅಲ್ಲೇ ಕಳೆಯಿತು. 1961ರಿಂದ ಹತ್ತು ವರ್ಷ ಅಮೆರಿಕದ ಸೇನೆ ಕಾಡು, ಗದ್ದೆಗಳ ಮೇಲೆ ಏಜೆಂಟ್ ಆರೆಂಜ್‌ನಂಥ ಕಳೆನಾಶಕ ಸುರಿಯಿತು. ಅದರಲ್ಲಿದ್ದ ಡಯಾಕ್ಸಿನ್ ಎಂಬ ವಿಷದ ಪರಿಣಾಮವನ್ನು ಚಿತ್ರಗಳಲ್ಲಿ ತೋರಿಸುವ ಕೋಣೆ ಅದು. ಫೋನ್ ತೆಗೆಯೋಕೆ ಯಾರಿಗೂ ಮನಸ್ಸಾಗಲಿಲ್ಲ. ಬೋಳು ಮರಗಳ ಒಂದು ಫೋಟೋ ಎದುರು ಚೇತನ್ ತುಂಬ ಹೊತ್ತು ನಿಂತಿದ್ದ.

ಹೊರಗೆ ಬಂದು ಊಟ. ಸಸ್ಯಾಹಾರಿಗಳಿಗೆ ಒಂದು ಗುಟ್ಟು: ಬೋರ್ಡಿನಲ್ಲಿ ‘ಚಾಯ್’ ಅಂತ ಓದಿಕೊಳ್ಳುವ ಪದ ಕಂಡರೆ ಅದು ಟೀ ಅಲ್ಲ, ಸಸ್ಯಾಹಾರ ಅಂತ ಅರ್ಥ. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಮಾಂಸ ಬಿಡುವ ಬೌದ್ಧರು ಇಲ್ಲಿ ಬೇಕಾದಷ್ಟು ಜನ, ಹಾಗಾಗಿ ಇಂಥ ಅಂಗಡಿ ಹುಡುಕೋದು ಕಷ್ಟವಲ್ಲ. ರಮ್ಯಾ ಎರಡು ತಟ್ಟೆ ಅನ್ನ, ತೋಫು ಹೊಡೆದಳು.

ಒಂದೂವರೆ ಆಗಿತ್ತು. ಪಟ್ಟಿಯಲ್ಲಿ ಇನ್ನೂ ಏಳು ಜಾಗ. ರಮ್ಯಾ, ಸಂದೀಪ ಬೆನ್ ತಾನ್ ಮಾರ್ಕೆಟ್ಟಿಗೆ ಹೊರಟರು. ನಾನು ಹತ್ತಿರದ ಮಾರಿಯಮ್ಮನ ಗುಡಿ ನೋಡಬೇಕು ಅಂದುಕೊಂಡಿದ್ದೆ. ಫ್ರೆಂಚರ ಕಾಲದಲ್ಲಿ ಬಂದ ತಮಿಳರು ಕಟ್ಟಿದ ಗುಡಿ, ಈಗ ವಿಯೆಟ್ನಾಂ ಜನರೇ ಊದಿನಕಡ್ಡಿ ಹಚ್ಚಿ ಕೈಮುಗಿಯುತ್ತಾರೆ. ಆದರೆ ಚೇತನ್ ಫುಟ್‌ಪಾತಿನ ಒಂದು ಕಾಫಿ ಗಾಡಿ ಹತ್ತಿರ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತುಬಿಟ್ಟ. ‘ನೀವು ಹೋಗ್ಬನ್ನಿ’ ಅಂದ. ಹೋಗೋ ಹಾಗಿರಲಿಲ್ಲ. ನಮ್ಮಿಬ್ಬರಲ್ಲಿ ಸಿಮ್ ಇದ್ದದ್ದು ನನ್ನ ಫೋನಿಗೆ ಮಾತ್ರ. ಬಿಟ್ಟು ಹೋದರೆ ಇವನನ್ನ ಹುಡುಕೋದು ಹೇಗೆ? ಹಲ್ಲು ಕಚ್ಚಿಕೊಂಡು ಪಕ್ಕದ ಸ್ಟೂಲ್ ಎಳಕೊಂಡೆ.

ಗಾಡಿಯ ಹೆಂಗಸಿಗೆ ನಲವತ್ತೈದರ ಆಸುಪಾಸು. ವಿಯೆಟ್ನಾಂನವರೂ ನಮ್ಮ ಹಾಗೇ ಅಪರಿಚಿತರನ್ನು ಅಣ್ಣ, ಅಕ್ಕ, ಚಿಕ್ಕಮ್ಮ ಅಂತಲೇ ಕರೆಯೋದು. ಅಕ್ಕ ಅನ್ನೋಕೆ ‘ಚಿ’. ‘ಅಕ್ಕನ್ನ ಹೋಗಿ ಛೀ ಅಂತ ಕರೆಯೋದು ಹೆಂಗೆ?’ ಅಂತ ಚೇತನ್ ಆ ದಿನ ಮೊದಲ ಸಲ ನಕ್ಕ. ಅಕ್ಕ ಲೋಟದ ಮೇಲೆ ‘ಫಿನ್’ ಎಂಬ ಪುಟ್ಟ ಫಿಲ್ಟರ್ ಇಟ್ಟು ಬಿಸಿನೀರು ಹಾಕಿದಳು. ತೊಟ್ಟು ತೊಟ್ಟಾಗಿ ಕಪ್ಪು ಡಿಕಾಕ್ಷನ್, ಕೆಳಗೆ ಕಂಡೆನ್ಸ್ಡ್ ಮಿಲ್ಕ್, ಮೇಲೆ ಐಸ್. ಒಂದು ಲೋಟ 25,000 ಡಾಂಗ್. ಹೆದರಬೇಡಿ, ಒಂದು ರೂಪಾಯಿಗೆ ಸುಮಾರು 300 ಡಾಂಗ್, ನಮ್ಮ ಲೆಕ್ಕದಲ್ಲಿ 85 ರೂಪಾಯಿಯೊಳಗೇ ಆಯಿತು.

ಒಂದು ಗುಟುಕು ಕುಡಿದು ಚೇತನ್ ‘ರೋಬಸ್ಟಾ’ ಅಂದ. ಆಮೇಲೆ ಹನ್ನೆರಡು ವರ್ಷದ ಸ್ನೇಹದಲ್ಲಿ ಹೇಳದ ಕಥೆ ಹೇಳಿದ.

1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಿದ್ದು ಕಾಫಿ ಬೆಲೆ ಗಗನಕ್ಕೇರಿತು. ಆಗ ಅವರಪ್ಪ ಜೀಪು ತಗೊಂಡರು, ಸಾಲ ಮಾಡಿ ಮನೆ ಕಟ್ಟಿಸಿದರು. ಅತ್ತ ವಿಯೆಟ್ನಾಂ ಆರ್ಥಿಕತೆಯ ಬಾಗಿಲು ತೆರೆದು, ಗುಡ್ಡಗುಡ್ಡವೇ ರೋಬಸ್ಟಾ ನೆಟ್ಟು, ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ಬ್ರೆಜಿಲ್ ನಂತರದ ಸ್ಥಾನಕ್ಕೆ ಬಂದು ನಿಂತಿತು. ಮಾರುಕಟ್ಟೆ ತುಂಬಿ ತುಳುಕಿತು. 2001-02ರ ಹೊತ್ತಿಗೆ ಬೆಲೆ ಮೂವತ್ತು ವರ್ಷಗಳಲ್ಲೇ ಕಾಣದಷ್ಟು ಕೆಳಗಿಳಿಯಿತು. ‘ಜೀಪು ಹೋಯ್ತು, ಅಮ್ಮನ ಸರ ಹೋಯ್ತು. ನನ್ನ ಹಾಸ್ಟೆಲ್‌ನಿಂದ ಬಿಡಿಸ್ಕೊಂಡು ಬಂದ್ರು. ಅಪ್ಪ ದಿನಾ ರಾತ್ರಿ ವಿಯೆಟ್ನಾಂನೋರನ್ನ ಬೈಯೋರು. ನನಗೆ ಹತ್ತು ವರ್ಷ. ವಿಯೆಟ್ನಾಂ ಅಂದ್ರೆ ನಮ್ಮೂರ ಪಕ್ಕದ ಯಾವುದೋ ಎಸ್ಟೇಟು, ಅಲ್ಲಿನ ಓನರ್ ನಮಗೆ ಮೋಸ ಮಾಡಿದಾನೆ ಅನ್ಕೊಂಡಿದ್ದೆ.’

ನನಗೆ ಏನು ಹೇಳಬೇಕೋ ತೋಚಲಿಲ್ಲ. ಫೋನಿನ ಅನುವಾದದ ಆ್ಯಪ್ ತೆಗೆದು ಅಕ್ಕನ ಮುಂದೆ ಹಿಡಿದೆ. ‘ಇವರಪ್ಪ ಭಾರತದಲ್ಲಿ ಕಾಫಿ ಬೆಳೆಯುತ್ತಾರೆ’ ಅಂತ ಬರೆದೆ. ಅವಳ ಮುಖವೇ ಬದಲಾಯಿತು. ಗಾಡಿ ಬಿಟ್ಟು ಬಂದು ನಮ್ಮೆದುರು ಕೂತಳು. ಅವಳ ಊರು ಡಾಕ್ ಲಾಕ್, ವಿಯೆಟ್ನಾಂನ ಕಾಫಿ ಸೀಮೆ. ಚೇತನ್ ತೋಟದ ಫೋಟೋ ತೋರಿಸಿದ. ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ‘ಇದು ಕಾಡಲ್ವಾ?’ ಅಂತ ಕೇಳಿದಳು. ಅವರಲ್ಲಿ ಕಾಫಿ ಬಹುಪಾಲು ಬಯಲಲ್ಲಿ, ಬಿಸಿಲಿಗೇ ಬೆಳೆಯೋದು.

ಚೇತನ್ ಫೋನ್ ಇಸಕೊಂಡು ತಾನೇ ಟೈಪ್ ಮಾಡಿದ. ‘2001ರಲ್ಲಿ ನಿಮ್ಮ ಮನೆಯಲ್ಲಿ ಏನಾಯಿತು?’

ಅವಳು ಸ್ವಲ್ಪ ಹೊತ್ತು ಯೋಚಿಸಿ ಮಾತಾಡಿದಳು. ಆ್ಯಪ್ ಮುರುಕು ಭಾಷೆಯಲ್ಲಿ ತೋರಿಸಿತು: ಬೆಲೆ ಬಿತ್ತು. ಗೊಬ್ಬರದ ಸಾಲ ಇತ್ತು. ಅಪ್ಪ ಕಾಫಿ ಗಿಡ ಕಡಿದರು. ನೆಟ್ಟಿದ್ದು ಅವರೇ, ಕಡಿದಿದ್ದೂ ಅವರೇ. ಆ ದಿನ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಆಮೇಲೆ ಮೆಣಸು ಹಾಕಿದರು. ನಾನು ಕೆಲಸಕ್ಕೆ ಸೈಗಾನ್‌ಗೆ ಬಂದೆ.

ಚೇತನ್ ಅದನ್ನು ಎರಡು ಸಲ ಓದಿದ. ಈಗ ತಮ್ಮ ಊರಲ್ಲಿ ಉಳಿದಿದ್ದಾನೆ, ಡುರಿಯನ್ ಹಣ್ಣೂ ಇದೆ, ಒಂದಿಷ್ಟು ಕಾಫಿಯನ್ನೂ ಮತ್ತೆ ಹಾಕಿದ್ದಾನೆ, ಈಗ ಕುಯ್ಲಿನ ಸಮಯ, ಫೋನ್ ಮಾಡಿದರೂ ಎತ್ತಲ್ಲ ಅಂತ ಅವಳು ನಕ್ಕಳು. 2024ರಲ್ಲಿ ರೋಬಸ್ಟಾ ಬೆಲೆ ದಾಖಲೆ ಮಟ್ಟಕ್ಕೇರಿದ್ದಕ್ಕೆ ವಿಯೆಟ್ನಾಂನ ಬರವೂ ಒಂದು ಕಾರಣ. ಅಂದರೆ ಇವರಿಗೆ ಮಳೆ ಬರದಿದ್ದ ವರ್ಷ ಚೇತನ್ ಅಪ್ಪನಿಗೆ ಒಳ್ಳೆ ರೇಟು ಸಿಕ್ಕಿತ್ತು. ಅದನ್ನ ಅವನು ಅಕ್ಕನಿಗೆ ಹೇಳಲಿಲ್ಲ. ಎರಡನೇ ಲೋಟಕ್ಕೆ ಅವಳು ದುಡ್ಡು ತಗೊಳ್ಳಲಿಲ್ಲ.

ಫೋನ್ ವಾಪಸ್ ಇಸಕೊಂಡು ಟೈಮ್ ನೋಡಿದೆ. 2:46. ನಾನು ಎಕ್ಸೆಲ್ ಶೀಟ್ ಹಾಕಿದವಳು! ಇಬ್ಬರೂ ಓಡಿದೆವು. ಓಡಬಾರದು ಅನ್ನೋ ರಸ್ತೆಯಲ್ಲೂ ಓಡಿ ಸ್ಕೂಟರಿನವರ ಕೈಲಿ ಬೈಸಿಕೊಂಡೆವು. ದೂರದಿಂದಲೇ ಕಂಡಿತು, ರಮ್ಯಾ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಒಂದು ಕಾಲು ಫುಟ್‌ಪಾತ್ ಮೇಲೆ ಇಟ್ಟು, ಮೆಜೆಸ್ಟಿಕ್ಕಿನಲ್ಲಿ ಊರ ಬಸ್ಸು ತಡೆಯೋ ಹಾಗೆ ನಿಂತಿದ್ದಳು. ಡ್ರೈವರ್ ಗಡಿಯಾರ ತೋರಿಸುತ್ತಿದ್ದ. ನಾವು ಹತ್ತಿದಾಗ 3:04. ಹೆಣ್ಣುಮಗಳು ಬೈದಳು ಅಂತ ಬೇಜಾರಾಗಲಿಲ್ಲ, ಬೈಯದಿದ್ದರೆ ಆಗುತ್ತಿತ್ತು.

ಬಸ್ಸು ಹೊರಟ ಮೇಲೆ ಚೇತನ್ ಹಾಟ್‌ಸ್ಪಾಟ್ ಕೇಳಿ ಮನೆಗೆ ಫೋನ್ ಮಾಡಿದ. ಪಕ್ಕದಲ್ಲೇ ಇದ್ದೆ, ಕೇಳಿಸಿತು.

‘ಅಪ್ಪ, ವಿಯೆಟ್ನಾಂನಲ್ಲಿದೀನಿ. ಇಲ್ಲಿ ಒಬ್ಬರು ಸಿಕ್ಕಿದ್ರು, ಅವರ ಮನೇದೂ ಕಾಫಿ ತೋಟ. ಆಗ ರೇಟ್ ಬಿತ್ತಲ್ಲ, ಇವರಪ್ಪನೂ ಗಿಡ ಕಡಿದಾಕಿದ್ರಂತೆ.’

ಆ ಕಡೆ ಮಾತಿಲ್ಲ. ಲೈನ್ ಕಟ್ಟಾಯ್ತು ಅಂದುಕೊಂಡೆ. ಆಮೇಲೆ ಅವರ ದನಿ. ‘ಪೂರ್ತಿ ಕಡಿದ್ರಂತಾ?’

‘ಹೂಂ. ಆಮೇಲೆ ಮೆಣಸು ಹಾಕಿದ್ರಂತೆ.’

‘ಮೆಣಸು ಹೆಂಗಿದ್ಯಂತೆ ಅಲ್ಲಿ? ಸೊರಗು ರೋಗ ಇದ್ಯಂತಾ?’

‘ಅದನ್ನ ಕೇಳ್ಲಿಲ್ಲ ಅಪ್ಪ.’

‘ಅದನ್ನೇ ಕೇಳ್ಬೇಕಿತ್ತು’ ಅಂದರು ಅವರು. ಚೇತನ್ ನಗುತ್ತಾ ಕಿಟಕಿ ಕಡೆ ತಿರುಗಿದ. ‘ಅಪ್ಪ, ಈ ಸಲ ಕುಯ್ಲಿಗೆ ಹದಿನೈದು ದಿನ ರಜಾ ಹಾಕಿ ಬರ್ತೀನಿ. ಅಲ್ಲೀವರೆಗೆ ಅವರಿಗೆ ಏನೂ ಹೇಳ್ಬೇಡಿ’ ಅಂದ.

ತೋಟ ಉಳಿಯಿತಾ ಅಂತ ಕೇಳಬೇಡಿ. ಹದಿನೈದು ದಿನಕ್ಕೆ ಹೋದವನು ಒಂದು ತಿಂಗಳು ಇದ್ದು ಬಂದ. ಆನೆ ಬಂದು ಬಾಳೆ ಮುರಿದದ್ದನ್ನೂ ಕಂಡ. ಅಪ್ಪ ಮಗ ಇನ್ನೂ ಲೆಕ್ಕ ಹಾಕ್ತಾ ಇದ್ದಾರೆ. ರೆಸಾರ್ಟಿನವರು ಇನ್ನೂ ಫೋನ್ ಮಾಡ್ತಾ ಇದ್ದಾರೆ.

ನೀವೂ ಹೋಗೋದಾದರೆ ಒಂದಿಷ್ಟು ಮಾತು. ವಿಯೆಟ್ನಾಂಗೆ ನಮಗೆ ವೀಸಾ ಬೇಕು. ಆನ್‌ಲೈನಿನಲ್ಲೇ ಇ-ವೀಸಾ ಆಗುತ್ತೆ, ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಅರ್ಜಿಯಲ್ಲಿ ಬಂದರಿನ ಹೆಸರು ಸರಿಯಾಗಿ ಆರಿಸಿ. ಹಡಗು ಸಿಂಗಪುರಕ್ಕೇ ವಾಪಸ್ ಬರೋದಾದರೆ ಅಲ್ಲಿನ ವೀಸಾದಲ್ಲಿ ಎರಡನೇ ಪ್ರವೇಶಕ್ಕೆ ಅವಕಾಶ ಇದೆಯಾ ನೋಡಿಕೊಳ್ಳಿ. ಬಸ್ಸಿನ ಪ್ರಯಾಣ ಹೋಗಿಬರಲು ನಾಲ್ಕು ಗಂಟೆ ಅಂತಲೇ ಹಿಡಿಯಿರಿ. ನಾಲ್ಕು ಜನ ಇದ್ದರೆ ನಾಲ್ಕು ಸಿಮ್ ತಗೊಳ್ಳಿ, ಜಿಪುಣತನ ಬೇಡ. ಜಾಗದ ಪಟ್ಟಿ ಮಾಡಿ, ಆದರೆ ಐದು ಗಂಟೆಗೆ ನಾಲ್ಕು ಸಾಕು.

ನನ್ನ ಶೀಟಿನಲ್ಲಿ ಹನ್ನೊಂದರಲ್ಲಿ ಏಳು ಇನ್ನೂ ಖಾಲಿ ಇವೆ. ಮಾರಿಯಮ್ಮನ ಗುಡಿಯೂ ಅದರಲ್ಲೊಂದು. ಮುಂದಿನ ಸಲ ಹೋದಾಗ ನೋಡಬೇಕು. ಮೆಣಸಿನ ಸೊರಗು ರೋಗದ ವಿಷಯವನ್ನೂ ಕೇಳಿಕೊಂಡು ಬರಬೇಕಂತೆ, ಚೇತನ್ ಅಪ್ಪ ನೆನಪಿಸಿದ್ದಾರೆ.