ಪಂಪು ಕೆಟ್ಟಿದೆಯೋ, ಎಣ್ಣೆ ಕೆಟ್ಟಿದೆಯೋ?

ಬೇಸಿಗೆ ಬಂತೆಂದರೆ ಚಿಂಚೋಳಿ, ಸೇಡಂ ಕಡೆಯ ಹಳೆಯ ಟ್ರ್ಯಾಕ್ಟರ್ ಲೋಡರುಗಳಿಗೆ ಬಿಡುವಿಲ್ಲದ ಕೆಲಸ. ತೊಗರಿ ರಾಶಿ ಮುಗಿದ ಹೊಲಕ್ಕೆ ಕೆರೆಯ ಹೂಳು, ತಿಪ್ಪೆಗೊಬ್ಬರ ಸಾಗಬೇಕು. ಶಹಾಬಾದ, ಚಿತ್ತಾಪುರದ ಕಡೆ ಕಲ್ಲಿನ ಚೂರು ತುಂಬಬೇಕು. ಇಂಥ ದಿನಗಳಲ್ಲೇ ಒಂದು ದೂರು ಹುಟ್ಟುತ್ತದೆ. ಬೆಳಗ್ಗೆ ಬಕೆಟ್ ತುಂಬ ಮಣ್ಣೆತ್ತಿದ ಲೋಡರು ಮಧ್ಯಾಹ್ನ ಅರ್ಧಕ್ಕೆ ನಿಂತುಬಿಡುತ್ತದೆ. ಎಂಜಿನ್ ಸರಿಯಾಗಿಯೇ ಓಡುತ್ತಿದೆ, ತೋಳು ಮಾತ್ರ ಏಳುವುದಿಲ್ಲ. "ಪಂಪ್ ಹೋಗ್ಯಾದ್ರಿ ಸಾವ್ಕಾರ್ರ, ಹೊಸಾದು ಹಾಕಬೇಕು" ಎನ್ನುತ್ತಾನೆ ಮಿಸ್ತ್ರಿ. ಮಾಲೀಕ ಸಾಲ ಮಾಡಿ ಹೊಸ ಪಂಪು ಹಾಕಿಸುತ್ತಾನೆ. ಕೆಲವೊಮ್ಮೆ ವಾರ ಕಳೆಯುವುದರೊಳಗೆ ಮತ್ತೆ ಅದೇ ಕಥೆ! ಇದಕ್ಕೆ ಕಾರಣವೇನು?

ಕಾರಣ ತಿಳಿಯಬೇಕಾದರೆ ಪಂಪು ಮಾಡುವ ಕೆಲಸವನ್ನು ಮೊದಲು ಅರಿಯಬೇಕು. ಪಂಪು ಒತ್ತಡವನ್ನು ಉಂಟುಮಾಡುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಅದು ಎಣ್ಣೆಯನ್ನು ತಳ್ಳುತ್ತದೆ, ಅಷ್ಟೆ. ತಳ್ಳಿದ ಎಣ್ಣೆಗೆ ಬಕೆಟಿನ ಭಾರ ಅಡ್ಡ ಬಂದಾಗ ಒತ್ತಡ ಹುಟ್ಟುತ್ತದೆ. ಆದ್ದರಿಂದ ತೋಳು ಏಳುವ ವೇಗ ಎಣ್ಣೆಯ ಪ್ರಮಾಣವನ್ನು ಅವಲಂಬಿಸಿದ್ದರೆ, ಎತ್ತುವ ಬಲ ಒತ್ತಡವನ್ನು ಅವಲಂಬಿಸಿದೆ.

ಮುಚ್ಚಿದ ದ್ರವದ ಮೇಲಿನ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂದು 17ನೆಯ ಶತಮಾನದಲ್ಲಿ ಹೇಳಿದವನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. ಅದೇ ತತ್ತ್ವದ ಮೇಲೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಇಪ್ಪತ್ತನೆಯ ಶತಮಾನದಲ್ಲಿ ಹ್ಯಾರಿ ಫರ್ಗ್ಯುಸನ್ ಟ್ರ್ಯಾಕ್ಟರಿನ ಹಿಂದೆ ನೇಗಿಲನ್ನು ಎಣ್ಣೆಯ ಬಲದಿಂದ ಎತ್ತಿ ಇಳಿಸುವ ಏರ್ಪಾಟನ್ನು ಬಳಕೆಗೆ ತಂದ. ಲೆಕ್ಕ ಸರಳವಾದದ್ದು. 6 ಸೆಂ.ಮೀ. ಒಳವ್ಯಾಸದ ಸಿಲಿಂಡರಿನ ಕ್ಷೇತ್ರಫಲ ಸುಮಾರು 28 ಚದರ ಸೆಂ.ಮೀ. ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 150 ಕಿಲೋ ಇದ್ದರೆ ಒಂದು ಸಿಲಿಂಡರ್ 4,200 ಕಿಲೋ ಬಲದಿಂದ ತಳ್ಳುತ್ತದೆ! ತೋಳು ಉದ್ದವಾಗಿರುವುದರಿಂದ ಬಕೆಟಿನಲ್ಲಿ ಇದರ ಸಣ್ಣ ಪಾಲು ಮಾತ್ರ ಸಿಗುತ್ತದೆ.

ಹಳೆಯ ಲೋಡರುಗಳಲ್ಲಿ ಹೆಚ್ಚಾಗಿ ಇರುವುದು ಗೇರ್ ಪಂಪು. ಒಂದು ಗಟ್ಟಿ ಮನೆಯೊಳಗೆ ಎರಡು ಹಲ್ಲುಗಾಲಿಗಳು ಒಂದಕ್ಕೊಂದು ಕಚ್ಚಿಕೊಂಡು ತಿರುಗುತ್ತವೆ. ಎಣ್ಣೆ ಗಾಲಿಗಳ ನಡುವಿನಿಂದ ಹೋಗುವುದಿಲ್ಲ; ಹಲ್ಲುಗಳ ಸಂದಿಯಲ್ಲಿ ಕುಳಿತು, ಮನೆಯ ಗೋಡೆಗುಂಟ ಹೊರಸುತ್ತಿನಿಂದ ಸಾಗುತ್ತದೆ. ನಡುವೆ ಕಚ್ಚಿಕೊಂಡ ಹಲ್ಲುಗಳು ಅದನ್ನು ಹಿಂದಕ್ಕೆ ಬಿಡುವುದಿಲ್ಲ. ಹಲ್ಲಿನ ತುದಿಗೂ ಗೋಡೆಗೂ ನಡುವಣ ಅಂತರ ಕೂದಲೆಳೆಗಿಂತ ಕಡಿಮೆ. ಸುತ್ತಿಗೆ 20 ಸಿ.ಸಿ. ಸಾಗಿಸುವ ಪಂಪು ನಿಮಿಷಕ್ಕೆ 2,000 ಸುತ್ತು ತಿರುಗಿದರೆ 40 ಲೀಟರ್ ಎಣ್ಣೆ ಬರಬೇಕು. ಧೂಳು ಸೇರಿ ಗೋಡೆ ಸವೆದರೆ ಅದರಲ್ಲೊಂದು ಭಾಗ ಒಳಗೊಳಗೇ ಹಿಂದಕ್ಕೆ ಸೋರುತ್ತದೆ.

ಬೆಳಗಿನ ಮತ್ತು ಮಧ್ಯಾಹ್ನದ ವ್ಯತ್ಯಾಸ ಈಗ ಅರ್ಥವಾಗುತ್ತದೆ. ತಣ್ಣಗಿರುವ ಎಣ್ಣೆ ಗಟ್ಟಿಯಾಗಿರುವುದರಿಂದ ಸವೆದ ಸಂದಿಯಲ್ಲೂ ಸುಲಭವಾಗಿ ನುಸುಳದು. ನಾಲ್ಕು ತಾಸು ದುಡಿದು ಕಾದ ಎಣ್ಣೆ ತೆಳುವಾಗಿ ನುಸುಳಿಬಿಡುತ್ತದೆ. ಆದರೆ ತೀರ ತೆಳುವಾದ ತಪ್ಪು ದರ್ಜೆಯ ಎಣ್ಣೆ ಹಾಕಿದ್ದರೂ, ಮಟ್ಟ ಕಡಿಮೆಯಾಗಿ ಎಣ್ಣೆ ಬೇಗ ಕಾಯುತ್ತಿದ್ದರೂ ಇದೇ ಲಕ್ಷಣ ಕಾಣುತ್ತದೆ. ಆದ್ದರಿಂದ ಪಂಪಿಗೆ ಕೈಹಾಕುವ ಮೊದಲು ಖರ್ಚಿಲ್ಲದ ನಾಲ್ಕು ಪರೀಕ್ಷೆ ಮಾಡಬೇಕು.

ಮೊದಲನೆಯದು, ಎಣ್ಣೆಯ ಮಟ್ಟ ಮತ್ತು ಬಣ್ಣ. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹಿಡಿದಿಡಬೇಕು. ಕೆಲವೇ ನಿಮಿಷಗಳಲ್ಲಿ ತಿಳಿಯಾದರೆ ಸೇರಿದ್ದು ಗಾಳಿ. ಬಹಳ ಹೊತ್ತಾದರೂ ತಿಳಿಯಾಗದಿದ್ದರೆ ನೀರು. ಎರಡನೆಯದು, ಹೀರುವ ಕೊಳವೆಯ ಜಾಲರಿ. ಅದು ಕಟ್ಟಿಕೊಂಡರೆ, ಅಥವಾ ಕೊಳವೆಯ ಕ್ಲಿಪ್ಪು ಸಡಿಲಾಗಿ ಗಾಳಿ ಹೊಕ್ಕರೆ ಪಂಪು ಕಿರುಗುಟ್ಟುತ್ತದೆ. ಗಾಳಿ ಅಮುಕಿಕೊಳ್ಳುತ್ತದೆ, ಎಣ್ಣೆ ಅಮುಕಿಕೊಳ್ಳುವುದಿಲ್ಲ. ಗಾಳಿ ಸೇರಿದ ಎಣ್ಣೆಯಿಂದ ತೋಳು ಜಗ್ಗಾಡುತ್ತದೆ.

ಮೂರನೆಯದು, ಲಿವರನ್ನು ನಡುವೆ ನಿಲ್ಲಿಸಿ ದೂರದಿಂದ ತೋಳನ್ನು ಗಮನಿಸುವುದು. ತುಂಬಿದ ಬಕೆಟ್ ಬೇಗನೆ ತಾನಾಗಿ ಇಳಿಯತೊಡಗಿದರೆ ತಪ್ಪು ಪಂಪಿನದಲ್ಲ. ಲಿವರ್ ನಡುವೆ ಇರುವಾಗ ಸಿಲಿಂಡರಿಗೂ ಪಂಪಿಗೂ ಸಂಬಂಧ ಕಡಿದಿರುತ್ತದೆ. ಸೋರುತ್ತಿರುವುದು ಸಿಲಿಂಡರಿನ ಸೀಲು ಇಲ್ಲವೆ ಕಂಟ್ರೋಲ್ ವಾಲ್ವು. ನಾಲ್ಕನೆಯದು ರಿಲೀಫ್ ವಾಲ್ವು. ಒತ್ತಡ ಮಿತಿಮೀರಿದಾಗ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ಕಾವಲುಗಾರನಿದು. ಬಾಯಲ್ಲಿ ಕಸ ಸಿಕ್ಕಿದರೆ, ಸ್ಪ್ರಿಂಗ್ ಮುರಿದರೆ ಒತ್ತಡ ಏರುವುದಿಲ್ಲ. ಖಾಲಿ ಬಕೆಟ್ ವೇಗವಾಗಿ ಎದ್ದು, ತುಂಬಿದ್ದು ಏಳದಿದ್ದರೆ ಇದನ್ನು ಮೊದಲು ಸಂಶಯಿಸಬೇಕು. ಗೇಜ್ ಹಾಕದೆ ಇದರ ಸ್ಕ್ರೂ ಬಿಗಿ ಮಾಡುವುದು ಪಂಪನ್ನೂ ಪೈಪನ್ನೂ ಒಡೆಯುವ ದಾರಿ.

ಈ ನಾಲ್ಕೂ ಸರಿಯಿದ್ದು, ಗೇಜಿನಲ್ಲಿ ಒತ್ತಡ ಏರದಿದ್ದರೆ ಪಂಪು ಸವೆದಿದೆ ಎನ್ನಬಹುದು. ಸೀಲು ಮಾತ್ರ ಹೋಗಿದ್ದರೆ ಸೀಲ್ ಕಿಟ್ ಸಾಕು; ಗೋಡೆಯಲ್ಲಿ ಉಗುರಿಗೆ ತಾಗುವಷ್ಟು ಗೀರು ಬಿದ್ದಿದ್ದರೆ ಬದಲಿಸುವುದೇ ಲೇಸು. ಹೊಸದು ಕೊಳ್ಳುವಾಗ ಸುತ್ತಿಗೆ ಎಷ್ಟು ಸಿ.ಸಿ., ಶಾಫ್ಟಿನ ಅಳತೆ, ತಿರುಗುವ ದಿಕ್ಕು ಇವೆಲ್ಲ ಹಳೆಯದಕ್ಕೆ ಹೊಂದಬೇಕು. ದಿಕ್ಕು ತಪ್ಪಿದರೆ ಶಾಫ್ಟಿನ ಸೀಲು ಕ್ಷಣದಲ್ಲಿ ಕಿತ್ತುಬರುತ್ತದೆ.

ಹೊಸ ಪಂಪು ವಾರದಲ್ಲಿ ಸಾಯುವ ಗುಟ್ಟೂ ಇಲ್ಲಿದೆ. ಸವೆದ ಪಂಪಿನ ಲೋಹದ ಪುಡಿ ಟ್ಯಾಂಕು, ಪೈಪು, ಸಿಲಿಂಡರುಗಳಲ್ಲೆಲ್ಲ ಹರಡಿರುತ್ತದೆ. ಅದನ್ನು ತೊಳೆಯದೆ, ಫಿಲ್ಟರ್ ಬದಲಿಸದೆ, ಹಳೆಯ ಎಣ್ಣೆಯನ್ನೇ ಬಟ್ಟೆಯಲ್ಲಿ ಸೋಸಿ ಹಾಕಿದರೆ ಹಳೆಯ ರೋಗವನ್ನು ಹೊಸ ಪಂಪಿಗೆ ಅಂಟಿಸಿದಂತೆಯೇ. ಪಂಪಿನೊಳಗೆ ಶುದ್ಧ ಎಣ್ಣೆ ತುಂಬಿ, ಭಾರವಿಲ್ಲದೆ ನಿಧಾನವಾಗಿ ಕೆಲವು ನಿಮಿಷ ಓಡಿಸಿದ ನಂತರವೇ ಕೆಲಸಕ್ಕೆ ಹಚ್ಚಬೇಕು.

ಕೊನೆಯದಾಗಿ, ಹಣಕ್ಕಿಂತ ದೊಡ್ಡ ಮಾತು ಜೀವದ್ದು. ಪೈಪು ಬಿಚ್ಚುವ ಮುನ್ನ ಬಕೆಟನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಲಿವರನ್ನು ಹಿಂದೆಮುಂದೆ ಆಡಿಸಿ ಉಳಿದ ಒತ್ತಡ ಬಿಡಬೇಕು. ಎತ್ತಿದ ತೋಳಿನ ಕೆಳಗೆ ಯಾರೂ ನುಸುಳಬಾರದು. ಅದನ್ನು ಹಿಡಿದಿರುವುದು ಒಂದು ರಬ್ಬರ್ ಸೀಲು ಮಾತ್ರ. ಸೋರಿಕೆಯನ್ನು ಬೆರಳಿನಿಂದ ಹುಡುಕದೆ ರಟ್ಟಿನ ತುಂಡು ಹಿಡಿದು ನೋಡಬೇಕು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೊಗುತ್ತದೆ. ಗಾಯ ಮುಳ್ಳು ಚುಚ್ಚಿದಷ್ಟೇ ಕಂಡರೂ ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು; ಕೂಡಲೇ ಆಸ್ಪತ್ರೆಗೆ ಹೋಗಿ, ಒಳಗೆ ಹೊಕ್ಕದ್ದು ಹೈಡ್ರಾಲಿಕ್ ಎಣ್ಣೆಯೆಂದು ವೈದ್ಯರಿಗೆ ಹೇಳಬೇಕು. ಪಂಪು ಅಂಗಡಿಯಲ್ಲಿ ಸಿಗುತ್ತದೆ, ಬೆರಳು ಸಿಗುವುದಿಲ್ಲ.