ಸೋದರಸಂಘದ ನೆರವು

ಅಮೆರಿಕದ ಒಂದು ಕಾಲೇಜಿನಲ್ಲಿ ಮೊದಲ ವರ್ಷ ಓದುತ್ತಿರುವ ನನ್ನ ತಂಗಿಯ ಮೊಮ್ಮಗ ಈಚೆಗೆ ಒಂದು ಕಾಗದ ಬರೆದಿದ್ದಾನೆ. “ತಾತ, ಇಲ್ಲಿ ಗ್ರೀಕ್ ಅಕ್ಷರಗಳನ್ನು ಹೆಸರಾಗಿ ಇಟ್ಟುಕೊಂಡ ಸಂಘಗಳಿವೆ. ಹುಡುಗರದು ಫ್ರೆಟರ್ನಿಟಿ, ಹುಡುಗಿಯರದು ಸೊರಾರಿಟಿ. ಒಂದಕ್ಕೆ ಸೇರಿಕೊ, ಮುಂದೆ ಕೆಲಸಕ್ಕೆ ಅನುಕೂಲ ಎಂದು ಎಲ್ಲರೂ ಹೇಳುತ್ತಾರೆ. ಸೇರಲೆ?” ಎಂದು ಅವನ ಪ್ರಶ್ನೆ. ಲೋಕವ್ಯವಹಾರಕ್ಕೆ ಕಾಲಿಡಲಿರುವ ತರುಣರೆಲ್ಲರಿಗೂ ಸಲ್ಲುವ ಪ್ರಶ್ನೆ ಅದು. ಆದುದರಿಂದ ಉತ್ತರವನ್ನು ವಾಚಕರ ಮುಂದೆಯೇ ಬರೆಯುತ್ತಿದ್ದೇನೆ.

ಈ ಸಂಘಗಳ ಮೂಲ ವಿದ್ಯಾವ್ಯಾಸಂಗದಲ್ಲಿಯೇ ಇದೆ. 1776ರ ಡಿಸೆಂಬರಿನಲ್ಲಿ ವರ್ಜೀನಿಯದ ವಿಲಿಯಂ ಅಂಡ್ ಮೇರಿ ಕಾಲೇಜಿನ ಕೆಲವರು ವಿದ್ಯಾರ್ಥಿಗಳು ಚರ್ಚೆಗೆಂದು ಕಟ್ಟಿಕೊಂಡ ಫೈ ಬೀಟಾ ಕಪ್ಪಾ ಇವುಗಳಲ್ಲಿ ಮೊದಲನೆಯದು. ಕಾಲಕ್ರಮದಲ್ಲಿ ಅದರ ಸದಸ್ಯತ್ವ ವಿದ್ವತ್ತಿಗೆ ಸಲ್ಲುವ ಗೌರವವಾಯಿತು. ಅದರ ಹೆಸರಿನ ರೀತಿಯನ್ನು ಹಿಡಿದು ಬೆಳೆದ ಮಿಕ್ಕ ಸಂಘಗಳು ಸಹವಾಸ, ವಿನೋದ, ಆಜೀವ ಸ್ನೇಹಗಳ ಕಡೆಗೆ ತಿರುಗಿದುವು. ಸೇರಬಯಸುವವನು ಒಳಗಿನವರ ಪರಿಚಯ ಮಾಡಿಕೊಳ್ಳಬೇಕು; ಅವರು ಅವನನ್ನು ಆರಿಸಬೇಕು; ಅವನು ಶುಲ್ಕ ತೆತ್ತು, ಕೆಲವು ಕಾಲ ಉಮೇದುವಾರನಾಗಿದ್ದು, ಬಳಿಕ ದೀಕ್ಷೆ ಪಡೆಯಬೇಕು.

ಇದರಿಂದ ಮುಂದೆ ಪ್ರಯೋಜನವುಂಟೆ? ಉಂಟು. ಈಶಾನ್ಯ ಅಮೆರಿಕದ ಒಂದು ಕಾಲೇಜಿನ ಹಳೆಯ ವಿದ್ಯಾರ್ಥಿಗಳನ್ನು ಕುರಿತು ಮೂವರು ಸಂಶೋಧಕರು 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಫ್ರೆಟರ್ನಿಟಿಗೆ ಸೇರಿದುದರಿಂದ ಪರೀಕ್ಷೆಯ ಸರಾಸರಿ ನಾಲ್ಕು ಅಂಕಗಳ ಮಾನದಲ್ಲಿ ಸುಮಾರು ಕಾಲು ಅಂಕ ಇಳಿಯಿತು. ಮುಂದಿನ ವರಮಾನವೋ ಸುಮಾರು ನೂರಕ್ಕೆ 36ರಷ್ಟು ಏರಿತು. ಒಂದು ಕಾಲೇಜಿನ ಲೆಕ್ಕವನ್ನು ದೇಶಕ್ಕೆಲ್ಲ ಹೊದಿಸುವುದು ಸರಿಯಲ್ಲ. ಆದರೂ ಓದು ಇಳಿದು ವರಮಾನ ಏರಿತೆಂದರೆ, ಅಲ್ಲಿ ಪುಸ್ತಕಕ್ಕಿಂತ ಪರಿಚಯವೇ ಹೆಚ್ಚು ಕೆಲಸ ಮಾಡಿತೆಂದು ಊಹಿಸಬೇಕಾಗುತ್ತದೆ. 2004ರ ಅಧ್ಯಕ್ಷ ಚುನಾವಣೆಯಲ್ಲಿ ಎದುರುಬದುರಾಗಿ ನಿಂತ ಬುಷ್ ಮತ್ತು ಕೆರಿ ಇಬ್ಬರೂ ಯೇಲ್ ವಿಶ್ವವಿದ್ಯಾನಿಲಯದಲ್ಲಿ ವರ್ಷಕ್ಕೆ 15 ಮಂದಿಯನ್ನು ಮಾತ್ರ ಆರಿಸಿಕೊಳ್ಳುವ ಒಂದೇ ರಹಸ್ಯಸಂಘಕ್ಕೆ ಸೇರಿದವರು.

ಈ ಪ್ರಯೋಜನಕ್ಕೆ ಬೆಲೆಯೂ ಉಂಟು. 2017ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯದ ಒಂದು ಸಂಘದ ಮನೆಯಲ್ಲಿ 19 ವರ್ಷದ ಉಮೇದುವಾರನಿಗೆ ಮಿತಿಮೀರಿ ಮದ್ಯ ಕುಡಿಸಿದರು. ಅವನು ಮೆಟ್ಟಿಲಿನಿಂದ ಬಿದ್ದು ಪೆಟ್ಟು ತಿಂದ ಮೇಲೂ ಹಲವು ಗಂಟೆಗಳ ಕಾಲ ವೈದ್ಯರ ನೆರವನ್ನು ಕೇಳಲಿಲ್ಲ. ಅವನು ಬದುಕಲಿಲ್ಲ. ಇಂಥ ದೀಕ್ಷೆಯ ಹಿಂಸೆಗಳನ್ನು ಕಾಲೇಜುಗಳು ಬಹಿರಂಗಪಡಿಸಲೇಬೇಕೆಂಬ ಕಾನೂನು ದೇಶಕ್ಕೆಲ್ಲ ಅನ್ವಯಿಸುವಂತೆ ಬಂದದ್ದು 2024ರ ಡಿಸೆಂಬರಿನಲ್ಲಿ.

ಹಾಗೆಂದು ಸಂಘಗಳನ್ನೆಲ್ಲ ಹಳಿಯಲು ನನ್ನ ಮನಸ್ಸು ಒಪ್ಪದು. ಬಿಳಿಯರ ಸಂಘಗಳ ಬಾಗಿಲು ತಮಗೆ ಮುಚ್ಚಿದ್ದ ಕಾಲದಲ್ಲಿ, 1906ರಲ್ಲಿ, ಕಾರ್ನೆಲ್ ವಿಶ್ವವಿದ್ಯಾನಿಲಯದ ಏಳು ಮಂದಿ ಕರಿಯ ವಿದ್ಯಾರ್ಥಿಗಳು ಆಲ್ಫ ಫೈ ಆಲ್ಫ ಎಂಬ ಸಂಘವನ್ನು ಕಟ್ಟಿಕೊಂಡರು. ಮಾರ್ಟಿನ್ ಲೂಥರ್ ಕಿಂಗ್ ಮುಂದೆ ಅದರ ಸದಸ್ಯರಾದರು. 1908ರಲ್ಲಿ ಹೋವರ್ಡ್ ವಿಶ್ವವಿದ್ಯಾನಿಲಯದ ಕರಿಯ ವಿದ್ಯಾರ್ಥಿನಿಯರು ಕಟ್ಟಿದ ಆಲ್ಫ ಕಪ್ಪಾ ಆಲ್ಫಕ್ಕೆ ಸೇರಿದವರು, 2021ರಲ್ಲಿ ಉಪಾಧ್ಯಕ್ಷೆಯಾದ ಕಮಲಾ ಹ್ಯಾರಿಸ್. ನಮ್ಮ ದೇಶದ ಮೂಲದ ಮಕ್ಕಳೂ 1990ರ ದಶಕದಿಂದ ಅಲ್ಲಿ ತಮ್ಮ ಸಂಘಗಳನ್ನು ಕಟ್ಟಿಕೊಂಡಿದ್ದಾರೆ. ಹೊರಗೆ ನಿಲ್ಲಿಸಲ್ಪಟ್ಟವರು ಕಟ್ಟಿಕೊಂಡ ಸೂರನ್ನೂ, ಇತರರನ್ನು ಹೊರಗಿಡಲೆಂದು ಎಬ್ಬಿಸಿದ ಗೋಡೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ನನ್ನ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ನಾಡಿನಲ್ಲಿ ಸಮುದಾಯಗಳೂ ಮಠಗಳೂ ನಡೆಸುವ ಉಚಿತ ವಿದ್ಯಾರ್ಥಿನಿಲಯಗಳುಂಟು. ಪಟ್ಟಣದಲ್ಲಿ ವಾರಾನ್ನಕ್ಕೂ ಗತಿಯಿಲ್ಲದ ಹಳ್ಳಿಯ ಹುಡುಗರಿಗೆ ಅವು ಊಟವನ್ನೂ ಚಾಪೆ ಹಾಸುವಷ್ಟು ಜಾಗವನ್ನೂ ಕೊಟ್ಟುವು. ನಾನೂ ಅಂಥ ನಿಲಯದ ಅನ್ನ ಉಂಡವನೆ. ಪದವಿಯಾದ ಮೇಲೆ ನನಗೆ ಮೊದಲ ಕೆಲಸ ಸಿಕ್ಕಿದ್ದು ಅಲ್ಲಿ ನನಗಿಂತ ಮೊದಲು ಓದಿ ಹೋಗಿದ್ದ ಹಿರಿಯರೊಬ್ಬರ ಮಾತಿನಿಂದ. ಅದೇ ಕೆಲಸಕ್ಕೆ ನನ್ನ ಸಹಪಾಠಿಯೊಬ್ಬ ಅರ್ಜಿ ಹಾಕಿದ್ದ. ಓದಿನಲ್ಲಿ ಅವನು ನನಗಿಂತ ಮೇಲು. ಆದರೆ ಅವನ ಪರವಾಗಿ ಹೇಳುವವರು ಯಾರೂ ಇರಲಿಲ್ಲ. ಅಂದು ನಾನು ಸಂತೋಷದಿಂದಲೇ ಕೆಲಸಕ್ಕೆ ಹೋದೆ. ಅವನ ನೆನಪು ಚುಚ್ಚತೊಡಗಿದ್ದು ಬಹಳ ವರ್ಷಗಳ ಮೇಲೆ, ನಮ್ಮ ನಿಲಯದ ಹುಡುಗನೊಬ್ಬನಿಗಾಗಿ ನಾನೇ ಅಂಥ ಮಾತನ್ನು ಆಡಲು ಹೊರಟಾಗ. ಆಡಿದೆನೆ? ಆಡಿದೆ. ಅರ್ಜಿ ಹಾಕಿದ ಮಿಕ್ಕವರು ಯಾರೆಂದು ಕೇಳಲೂ ಇಲ್ಲ.

ನಿಲಯದ ಅನ್ನವನ್ನು ನೆನೆದರೆ ಇಂದಿಗೂ ಕೈಮುಗಿಯುತ್ತೇನೆ. ಆ ಮಾತನ್ನು ನೆನೆದರೆ ತಲೆ ತಗ್ಗುತ್ತದೆ. ಹಸಿದವನಿಗೆ ಉಣಬಡಿಸಿದ್ದರಿಂದ ಯಾರ ತಟ್ಟೆಯೂ ಬರಿದಾಗಲಿಲ್ಲ. ಆ ಶಿಫಾರಸಿನಿಂದ ಮಾತ್ರ ಒಬ್ಬನ ನ್ಯಾಯವಾದ ಪಾಲು ಹೋಯಿತು. ಸೋದರಸಂಘದ ನೆರವಿನಲ್ಲಿ ಈ ಎರಡೂ ಬೆರೆತಿವೆ.

ಆದುದರಿಂದ ಆ ಹುಡುಗನಿಗೆ ನಾನು ಬರೆಯುವುದು ಇಷ್ಟೆ: ಮಗು, ಮನಸ್ಸಿದ್ದರೆ ಸೇರು. ದೂರದ ಊರಿನಲ್ಲಿ ಒಂಟಿತನ ಸಣ್ಣ ದುಃಖವಲ್ಲ. ಆದರೆ ಸೇರುವ ಮೊದಲು ಮೂರು ಸಂಗತಿಗಳನ್ನು ವಿಚಾರಿಸು. ಅವರು ಯಾರನ್ನು ಹೊರಗಿಡುತ್ತಾರೆ? ಒಳಗೆ ಬಿಟ್ಟುಕೊಳ್ಳಲು ಏನು ಮಾಡಿಸುತ್ತಾರೆ? ನೀನು ಬಿದ್ದರೆ ವೈದ್ಯರನ್ನು ಕರೆಯುತ್ತಾರೆಯೆ? ಇವಕ್ಕೆ ಒಪ್ಪುವ ಉತ್ತರ ಸಿಕ್ಕದಿದ್ದರೆ ಹಿಂದಿರುಗಿ ಬಾ. ಸ್ನೇಹಿತರು ತರಗತಿಯಲ್ಲಿಯೂ ಗ್ರಂಥಭಂಡಾರದಲ್ಲಿಯೂ ಸಿಕ್ಕುತ್ತಾರೆ. ಸೇರಿದರೆ, ಮುಂದೊಂದು ದಿನ ನೀನೇ ಕೆಲಸ ಕೊಡುವ ಸ್ಥಾನದಲ್ಲಿ ಕುಳಿತಾಗ, ನಿನ್ನ ಸಂಘದವನ ಅರ್ಜಿಯನ್ನು ಓದುವಷ್ಟೇ ಗಮನವಿಟ್ಟು, ಹೇಳುವವರಿಲ್ಲದವನ ಅರ್ಜಿಯನ್ನೂ ಕೊನೆಯವರೆಗೆ ಓದು. ನಾನು ಮಾಡದೆ ಬಿಟ್ಟ ಕೆಲಸ ಅದು.