ಬೆಂಕಿಗೆ ಬಾಗಿದ ಬಿಲ್ಲು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದು ಹಿರಿಯರ ಮಾತು. ಮಕ್ಕಳಿಗೆ ಬುದ್ಧಿ ಹೇಳುವಾಗ ಇದು ಸಲ್ಲಬಹುದು. ಬಿಲ್ಲು ಮಾಡುವವನ ಎದುರಿಗೆ ಮಾತ್ರ ನಿಲ್ಲಲಾರದು. ಬೆಳೆದು, ಬಲಿತು, ಒಣಗಿದ ಮರವನ್ನೂ ಶಾಖದಿಂದ ಒಲಿಸಿಕೊಂಡು ತನಗೆ ಬೇಕಾದತ್ತ ಬಗ್ಗಿಸುವ ವಿದ್ಯೆ ಅವನದು.

1911ರ ಆಗಸ್ಟ್ 29ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಓರೊವಿಲ್ ಪಟ್ಟಣದ ಕಸಾಯಿಖಾನೆಯ ಬಳಿ ಹಸಿದು ಬಳಲಿದ ಮನುಷ್ಯನೊಬ್ಬನು ಸಿಕ್ಕಿದನು. ಅವನು ಯಾಹಿ ಎಂಬ ಬುಡಕಟ್ಟಿನವನು. ಬಿಳಿಯರ ಕೋವಿಗಳಿಗೂ ಹಸಿವು ರೋಗಗಳಿಗೂ ಅವನ ಜನರು ಬಲಿಯಾಗಿದ್ದರು, ಅವನೊಬ್ಬನೇ ಉಳಿದಿದ್ದನು. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಅವನ ಕುಲಾಚಾರಕ್ಕೆ ವಿರುದ್ಧ. ಆದುದರಿಂದ ಮಾನವಶಾಸ್ತ್ರಜ್ಞನಾದ ಆಲ್ಫ್ರೆಡ್ ಕ್ರೋಬರನು ಅವನನ್ನು ‘ಇಶಿ’ ಎಂದು ಕರೆದನು. ಅವನ ನುಡಿಯಲ್ಲಿ ಇಶಿ ಎಂದರೆ ‘ಮನುಷ್ಯ’ ಎಂದರ್ಥ.

ಸಾನ್‌ಫ್ರಾನ್ಸಿಸ್ಕೋದಲ್ಲಿದ್ದ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯವೇ ಇಶಿಯ ಮನೆಯಾಯಿತು. ಅಲ್ಲಿ ಶಸ್ತ್ರವೈದ್ಯನಾದ ಸ್ಯಾಕ್ಸ್‌ಟನ್ ಪೋಪನಿಗೆ ಅವನ ಸ್ನೇಹ ದೊರೆಯಿತು. ವೈದ್ಯನು ಇಶಿಯ ದೇಹವನ್ನು ನೋಡಿಕೊಂಡನು. ಇಶಿ ವೈದ್ಯನಿಗೆ ಬಿಲ್ವಿದ್ಯೆಯ ಗುರುವಾದನು.

ಇಶಿಯ ಬಿಲ್ಲು ಬೆಟ್ಟದ ಜುನಿಪರ್ ಮರದ್ದು. ನಾರಿನೆಳೆ ನೇರವಾಗಿರುವ ಸೀಳನ್ನು ಆರಿಸಿ, ಹೆರೆದು, ಮರಳುಗಲ್ಲಿನಿಂದ ಉಜ್ಜಿ, ಅಗಲವಾದ ಚಪ್ಪಟೆಯ ತೋಳುಗಳನ್ನು ಅವನು ರೂಪಿಸುತ್ತಿದ್ದನು. ಅನಂತರ ಕಾದ ಕಲ್ಲಿನ ಮೇಲೆ ತುದಿಗಳನ್ನು ಒತ್ತಿ, ಬಿಲ್ಲುಗಾರನಿಂದ ಆಚೆಗೆ ಮೆಲ್ಲಮೆಲ್ಲನೆ ಬಾಗಿಸುತ್ತಿದ್ದನು. ಬಾಗಿದ ಬಿಲ್ಲನ್ನು ಮತ್ತೊಂದು ಮರಕ್ಕೆ ಬಿಗಿದು ಕಟ್ಟಿ, ಕತ್ತಲಾದ ಒಣ ಸ್ಥಳದಲ್ಲಿ ತಿಂಗಳುಗಟ್ಟಲೆ ಆರಲು ಬಿಡುತ್ತಿದ್ದನು. ಕೊನೆಗೆ ಸಾಲ್ಮನ್ ಮೀನಿನ ಚರ್ಮವನ್ನು ಕುದಿಸಿ ಅಂಟು ಮಾಡಿ, ಜಿಂಕೆಯ ಕಾಲಿನ ನರಗಳನ್ನು ಜಗಿದು ಎಳೆಯೆಳೆಯಾಗಿ ಬಿಡಿಸಿ, ಬಿಲ್ಲಿನ ಬೆನ್ನಿಗೆ ಹೊದಿಸುತ್ತಿದ್ದನು.

ಈ ಒಂದೊಂದು ಕೆಲಸಕ್ಕೂ ಕಾರಣವುಂಟು. ಮರದ ನಾರುಗಳನ್ನು ಬಂಧಿಸಿರುವುದು ಲಿಗ್ನಿನ್ ಎಂಬ ಪದಾರ್ಥ. ಶಾಖ ತಗುಲಿದಾಗ ಅದು ಮೆತ್ತಗಾಗುತ್ತದೆ. ನಾರುಗಳು ಒಂದರ ಪಕ್ಕದಲ್ಲೊಂದು ಕೊಂಚ ಸರಿಯಬಲ್ಲವು. ಆರಿದಾಗ ಅದು ಮತ್ತೆ ಗಟ್ಟಿಯಾಗಿ ನಾರುಗಳನ್ನು ಹೊಸ ಸ್ಥಾನದಲ್ಲಿಯೇ ಹಿಡಿದುಬಿಡುತ್ತದೆ. ಬೆತ್ತದ ಕೊಡೆಯ ಹಿಡಿ ಬಾಗಿ ನಿಲ್ಲುವುದೂ ಶಾಖದ ಮಹಿಮೆಯಿಂದಲೇ. ಆದರೆ ಅವಸರ ಸಲ್ಲದು. ಶಾಖ ಸಾಲದಿದ್ದರೆ ನಾರು ಸಿಡಿಯುತ್ತದೆ. ಅತಿಯಾದರೆ ಮರ ಕರಿದು ಪೆಡಸಾಗುತ್ತದೆ.

ತುದಿಗಳನ್ನು ಬಾಗಿಸುವುದು ಅಂದಕ್ಕಾಗಿ ಅಲ್ಲ. ನೆಟ್ಟಗಿನ ಬಿಲ್ಲಿನ ಹೆದೆಯನ್ನು ಎಳೆಯತೊಡಗಿದಾಗ ಮೊದಲು ಬಿಗಿ ಕಡಮೆ; ಕೊನೆಯಲ್ಲಿ ಅದು ಥಟ್ಟನೆ ಏರುತ್ತದೆ. ಆಚೆಗೆ ಬಾಗಿದ ಬಿಲ್ಲಾದರೋ ಮೊದಲಿನಿಂದಲೇ ಬಿಗಿಯಾಗಿರುತ್ತದೆ. ಕೊನೆಯ ಬಿಗಿ ಎರಡರಲ್ಲಿಯೂ ಒಂದೇ ಆದರೂ, ಎಳೆತದ ಉದ್ದಕ್ಕೂ ಹೆಚ್ಚು ಬಲವನ್ನುಂಡ ಬಿಲ್ಲು ಹೆಚ್ಚು ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ತುದಿಗಳು ಹಗುರವಾಗಿದ್ದರೆ ಆ ಶಕ್ತಿಯ ಹೆಚ್ಚಿನ ಪಾಲು ಬಾಣಕ್ಕೆ ಸೇರುತ್ತದೆ. ಭಾರವಾಗಿದ್ದರೆ ಅವು ಚಲಿಸುವುದರಲ್ಲಿಯೇ ವ್ಯಯವಾಗುತ್ತದೆ.

ಆದರೆ ಹೆಚ್ಚು ಬಾಗಿದ ಬಿಲ್ಲು ಹೆಚ್ಚು ಸಂಕಟವನ್ನೂ ತಾಳಬೇಕು. ಅದರ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಮರಕ್ಕಿಂತ ಹೆಚ್ಚು ಹಿಗ್ಗಬಲ್ಲ ನರದ ಹೊದಿಕೆ ಬೆನ್ನನ್ನು ಕಾಪಾಡುತ್ತದೆ. ತೋಳು ಅಗಲವಾಗಿದ್ದರೆ ಕುಗ್ಗುವ ಭಾರ ಹಂಚಿಹೋಗುತ್ತದೆ. ಅಗಲ ಎರಡರಷ್ಟಾದರೆ ಮರದ ಬಿಗಿಯೂ ಎರಡರಷ್ಟು. ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟು! ಆದುದರಿಂದಲೇ ಬಿಲ್ಲನ್ನು ಹೆರೆಯುವವನು ಒಂದು ಸಿಪ್ಪೆ ತೆಗೆದು, ಬಗ್ಗಿಸಿ ನೋಡಿ, ಎರಡು ತೋಳುಗಳೂ ಸಮವಾಗಿ ಬಾಗುತ್ತವೆಯೇ ಎಂದು ಪರೀಕ್ಷಿಸಿಯೇ ಮತ್ತೊಂದು ಸಿಪ್ಪೆಗೆ ಕೈಯಿಡುತ್ತಾನೆ. ತೆಗೆದ ಸಿಪ್ಪೆಯನ್ನು ಮತ್ತೆ ಅಂಟಿಸಲಾಗದಷ್ಟೆ!

1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್, ಪಾಲ್ ಕ್ಲಾಪ್‌ಸ್ಟೆಗ್ ಎಂಬ ಅಮೆರಿಕದ ಭೌತವಿಜ್ಞಾನಿಗಳು ಬಿಲ್ಲನ್ನು ಗಣಿತಕ್ಕೂ ಪ್ರಯೋಗಕ್ಕೂ ಒಳಪಡಿಸಿದರು. ಇಂಗ್ಲೆಂಡಿನ ಹೆಸರಾಂತ ನೀಳಬಿಲ್ಲಿನ ದುಂಡು ಹೊಟ್ಟೆಗಿಂತ ಚಪ್ಪಟೆಯ ತೋಳೇ ಮೇಲೆಂಬುದು ಅವರ ನಿರ್ಣಯ. ಇಶಿಯ ಕೈಗಳು ಲೆಕ್ಕವಿಲ್ಲದೆ ಮಾಡಿದುದೂ ಅದೇ ಬಗೆಯ ತೋಳನ್ನು.

ಇಶಿ ನಾಗರಿಕತೆಯ ನೆರಳಿನಲ್ಲಿ ಹೆಚ್ಚು ಕಾಲ ಬಾಳಲಿಲ್ಲ. ಕ್ಷಯರೋಗ ತಗುಲಿ 1916ರ ಮಾರ್ಚ್ 25ರಂದು ತೀರಿಕೊಂಡನು. ಅವನೊಡನೆ ಅವನ ಕುಲವೂ ಅಳಿಯಿತು ಎಂದು ಜಗತ್ತು ಭಾವಿಸಿತು. ಬಿಲ್ಲಿನ ವಿದ್ಯೆಯೂ ಅಳಿಯಬೇಕಾಗಿತ್ತು. ಆದರೆ ಶಿಷ್ಯನು ಕಲಿತುದನ್ನು ಬರೆದಿಟ್ಟಿದ್ದನು. 1918ರಲ್ಲಿ ಯಾಹಿಗಳ ಬಿಲ್ಲುಗಾರಿಕೆಯ ಮೇಲೆ ಪೋಪನ ಪ್ರಬಂಧವೂ, 1923ರಲ್ಲಿ ಬಿಲ್ಲುಬಾಣಗಳ ಬೇಟೆಯನ್ನು ಕುರಿತ ಅವನ ಗ್ರಂಥವೂ ಪ್ರಕಟವಾದುವು. ಅವನ್ನು ಓದಿ ಅಮೆರಿಕದಲ್ಲಿ ಎಷ್ಟೋ ಮಂದಿ ಬಿಲ್ಲು ಹಿಡಿದರು.

ಉಪಯೋಗವಿಲ್ಲದಾಗ ಬಿಲ್ಲಿನ ಹೆದೆಯನ್ನು ಇಳಿಸಿ, ಅದನ್ನು ಮಲಗಿಸಿಡಬೇಕೆಂದು ಇಶಿ ಕಲಿಸಿದ್ದನು. ಹೆದೆಯೇರಿಸಿಯೋ ನಿಲ್ಲಿಸಿಯೋ ಇಟ್ಟರೆ ಬಿಲ್ಲು ದಣಿಯುತ್ತದೆ, ಬೆವರುತ್ತದೆ ಎಂದು ಅವನ ನಂಬಿಕೆ. ಸದಾ ಬಿಗಿದಿಟ್ಟ ಮರದ ನಾರು ಬಾಗಿದಂತೆಯೇ ನಿಂತು ತನ್ನ ಪುಟಿತವನ್ನು ಕಳೆದುಕೊಳ್ಳುತ್ತದೆಂದು ಬಿಲ್ಲು ಮಾಡುವವರು ಇಂದಿಗೂ ಹೇಳುತ್ತಾರೆ. ಒಳ್ಳೆಯ ಬಿಲ್ಲಿಗೂ ವಿಶ್ರಾಂತಿ ಬೇಕು.